ಪಕ್ಕದವರ ಫ್ಲಡ್‌ಲೈಟ್ ನಿಮ್ಮ ದಿಂಬಿನ ಮೇಲೆ ಬೀಳುತ್ತಿದೆಯಾ? ದೂರು ಕೊಡುವ ಸರಿಯಾದ ಕ್ರಮ

ಎದುರು ಮನೆಯವರು ಕಾರು ಕಾಯೋಕೆ ಅಂತ ಮಹಡಿ ಮೇಲೆ ನೂರು ವ್ಯಾಟಿನ ಎಲ್‌ಇಡಿ ಹಾಕಿಸಿದ್ದಾರೆ. ಕಾರಿನ ಮೇಲೆ ಬೀಳುವುದಕ್ಕಿಂತ ಜಾಸ್ತಿ ಬೆಳಕು ನಿಮ್ಮ ಮಲಗುವ ಕೋಣೆಗೆ ಬರುತ್ತಿದೆ. ದೂರು ಕೊಟ್ಟು ಸೋತವರನ್ನು ಕೇಳಿದರೆ ಕಥೆ ಹೆಚ್ಚುಕಮ್ಮಿ ಒಂದೇ. ಮೊದಲು ಜಗಳ, ಆಮೇಲೆ ಪೊಲೀಸರಿಗೆ ಫೋನು, ಕೊನೆಗೆ ಯಾವುದೋ ಕಚೇರಿಗೆ ‘ಬೆಳಕಿನ ಮಾಲಿನ್ಯ’ ಅಂತ ಒಂದು ಅರ್ಜಿ.

ನಾನೂ ಇದೇ ದಾರಿ ಹಿಡಿದಿದ್ದೆ. ನಮ್ಮ ಮನೆ ಹಿಂದೆ ಒಂದು ಬಾಕ್ಸ್ ಕ್ರಿಕೆಟ್ ಟರ್ಫ್ ಇದೆ. ರಾತ್ರಿ ಒಂದರವರೆಗೂ ಆಟ. ನಾನು ಮೊದಲು ಅರ್ಜಿ ಹಾಕಿದ ಕಚೇರಿ ಎರಡು ತಿಂಗಳ ನಂತರ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಒಂದೇ ಸಾಲಿನಲ್ಲಿ ಉತ್ತರ ಕೊಟ್ಟಿತು. ತಪ್ಪು ಅವರದಲ್ಲ. ನಾನು ತಪ್ಪು ಬಾಗಿಲು ತಟ್ಟಿದ್ದೆ, ಕೇಳಿದ್ದೂ ತಪ್ಪು. ದೀಪ ತೆಗೆಸಿ ಅಂದಿದ್ದೆ. ತಿರುಗಿಸಿ ಅನ್ನಬೇಕಿತ್ತು.

## ಹೊರಡುವ ಮೊದಲು: ಕಾನೂನು ಎಲ್ಲಿದೆ, ಎಲ್ಲಿಲ್ಲ

ನಮ್ಮ ದೇಶದಲ್ಲಿ ಬೆಳಕಿನ ಮಾಲಿನ್ಯಕ್ಕೆ ಅಂತಲೇ ಒಂದು ಕಾಯ್ದೆ ಇಲ್ಲ. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾಲಿನ್ಯಕಾರಕ ಅಂದರೆ ಘನ, ದ್ರವ ಅಥವಾ ಅನಿಲ ರೂಪದ ವಸ್ತು. ಬೆಳಕು ಈ ಮೂರರಲ್ಲಿ ಯಾವುದೂ ಅಲ್ಲ. ಶಬ್ದವನ್ನು ಮಾತ್ರ 1987ರಲ್ಲಿ ತಿದ್ದುಪಡಿ ಮಾಡಿ ವಾಯು ಕಾಯ್ದೆಯೊಳಗೆ ಸೇರಿಸಿದರು, 2000ದಲ್ಲಿ ಅದಕ್ಕೆ ನಿಯಮಗಳೂ ಬಂದವು. ಹಾಗಾಗಿ ಮೈಕಿಗೆ ಡೆಸಿಬೆಲ್ ಮಿತಿ ಇದೆ, ಫ್ಲಡ್‌ಲೈಟಿಗೆ ಅಂಥ ಮಿತಿ ಇಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಬೆಳಕಿನ ದೂರು ಕೊಟ್ಟರೆ ಮುಂದಕ್ಕೆ ಹೋಗದಿರುವುದು ಇದಕ್ಕೇ.

ಅಂಗಡಿ ಮುಂಗಟ್ಟಿನ ದೀಪ ರಾತ್ರಿ ಒಂದಕ್ಕೆ ಆರಬೇಕು ಅನ್ನುವ ನಿಯಮ ಫ್ರಾನ್ಸಿನದು. ಇಂಗ್ಲೆಂಡಿನಲ್ಲಿ 2005ರ ಕಾಯ್ದೆಯೊಂದು ಕೃತಕ ಬೆಳಕನ್ನೂ ಉಪದ್ರವದ ಪಟ್ಟಿಗೆ ಸೇರಿಸಿದೆ. ಅಲ್ಲಿರುವ ಕನ್ನಡಿಗರು ನೇರವಾಗಿ ತಮ್ಮ ಕೌನ್ಸಿಲಿಗೆ ಬರೆಯಬಹುದು. ಲಡಾಖಿನ ಹಾನ್ಲೆಯಲ್ಲಿ ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಅದರ ಸುತ್ತ 1,073 ಚದರ ಕಿಲೋಮೀಟರ್ ಜಾಗವನ್ನು 2022ರಲ್ಲಿ ಕತ್ತಲಾಕಾಶ ಮೀಸಲು ಪ್ರದೇಶ ಎಂದು ಘೋಷಿಸಿದ್ದಾರೆ. ಇವನ್ನೆಲ್ಲ ಅರ್ಜಿಯಲ್ಲಿ ಬರೆದರೆ ಪುಟ ತುಂಬುತ್ತದೆ, ಅಷ್ಟೇ.

ನಿಮ್ಮ ಕೈಗೆ ಸಿಗುವ ಆಯುಧ ಎರಡು. ಒಂದು, ಉಪದ್ರವದ ಕಾನೂನು, ಆಡುಮಾತಿನಲ್ಲಿ ‘ನ್ಯೂಸೆನ್ಸ್’. ಇನ್ನೊಂದು, ಸ್ಥಳೀಯ ಸಂಸ್ಥೆ ಕೊಡುವ ಪರವಾನಗಿ. ನೆನಪಿರಲಿ, 1882ರ ಅನುಭೋಗ ಹಕ್ಕುಗಳ ಕಾಯ್ದೆಯಲ್ಲಿ ‘ಬೆಳಕಿನ ಹಕ್ಕು’ ಅಂತ ಒಂದು ಬರುತ್ತದೆ. ಅದು ನಿಮ್ಮ ಕಿಟಕಿಗೆ ಬರುವ ಬೆಳಕನ್ನು ಯಾರೂ ತಡೆಯದಂತೆ ಕಾಯುವುದಕ್ಕೆ. ನಿಮಗೆ ಬೇಕಾದದ್ದು ಅದರ ಉಲ್ಟಾ.

## ಬೇಕಾಗುವ ಸಾಮಾನು

ಒಂದು ಸ್ಮಾರ್ಟ್‌ಫೋನ್, ಒಂದು ನೋಟ್‌ಬುಕ್, ಅವತ್ತಿನ ದಿನಪತ್ರಿಕೆ, ಕಾಗದ ಪತ್ರ ಇಡಲು ಒಂದು ಫೈಲು. ಸಾಧ್ಯವಾದರೆ ಒಂದು ಲಕ್ಸ್ ಮೀಟರ್, ಅಂದರೆ ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತಿದೆ ಅಂತ ಲಕ್ಸ್ ಲೆಕ್ಕದಲ್ಲಿ ಅಳೆಯುವ ಸಾಧನ. ಸಾವಿರ ರೂಪಾಯಿ ಆಸುಪಾಸಿನದು ಸಾಕು. ಫೋನಿನ ಲಕ್ಸ್ ಆಪ್‌ಗಳು ಒಂದೊಂದು ಫೋನಿನಲ್ಲಿ ಒಂದೊಂದು ಸಂಖ್ಯೆ ತೋರಿಸುತ್ತವೆ. ಅಂದಾಜಿಗೆ ಸರಿ, ವಾದಕ್ಕೆ ಸಾಲದು.

## ಹಂತ 1: ದೀಪ ಯಾರದು ಅಂತ ಪತ್ತೆ ಮಾಡಿ

ಸುಲಭ ಅನ್ನಿಸುತ್ತದೆ, ಆದರೆ ಅರ್ಧ ಅರ್ಜಿಗಳು ಇಲ್ಲೇ ದಾರಿ ತಪ್ಪುತ್ತವೆ.

ಮನೆಯ ದೀಪವಾದರೆ ಮನೆಯವರದು. ಆದರೆ ಮನೆ ಬಾಡಿಗೆಗಿದೆಯಾ, ದೀಪ ಹಾಕಿಸಿದ್ದು ಮಾಲೀಕರಾ ಅಂತ ಕೇಳಿಕೊಳ್ಳಿ. ಟರ್ಫ್, ಕಲ್ಯಾಣ ಮಂಟಪ, ಗೋಡೌನು, ಅಂಗಡಿಯಾದರೆ ಬೋರ್ಡಿನಲ್ಲಿರುವ ಹೆಸರು ಮತ್ತು ಉದ್ದಿಮೆ ಪರವಾನಗಿಯಲ್ಲಿರುವ ಹೆಸರು ಬೇರೆ ಇರಬಹುದು. ಎರಡನ್ನೂ ಬರೆದುಕೊಳ್ಳಿ.

ಬೀದಿ ದೀಪ ಅಥವಾ ಹೈಮಾಸ್ಟ್ ಆದರೆ ಜನ ತಕ್ಷಣ 1912ಕ್ಕೆ ಫೋನು ಮಾಡುತ್ತಾರೆ. ವಿದ್ಯುತ್ ಕಂಪನಿಯವರು ಕೊಡುವುದು ಕರೆಂಟು. ದೀಪ ಸಾಮಾನ್ಯವಾಗಿ ಸ್ಥಳೀಯ ಸಂಸ್ಥೆಯದು: ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ, ಪಟ್ಟಣದಲ್ಲಿ ಪುರಸಭೆ ಅಥವಾ ನಗರಸಭೆ, ದೊಡ್ಡ ಊರಿನಲ್ಲಿ ಪಾಲಿಕೆ. ಕಂಬದ ಮೇಲೆ ಬಣ್ಣದಲ್ಲಿ ಬರೆದಿರುವ ನಂಬರನ್ನು ಹಗಲಲ್ಲಿ ಹೋಗಿ ಗುರುತು ಹಾಕಿಕೊಳ್ಳಿ. ಆ ನಂಬರಿಲ್ಲದೆ ಕೊಟ್ಟ ದೂರಿಗೆ ‘ಸ್ಥಳ ಪತ್ತೆಯಾಗಿಲ್ಲ’ ಅಂತ ಷರಾ ಬರೆದು ಮುಗಿಸುವುದು ಬಲು ಸುಲಭ.

ಬೆಂಗಳೂರಿನವರಿಗೆ ಒಂದು ಮಾತು: 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಿವೆ. ನಿಮ್ಮ ವಾರ್ಡು ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಇವುಗಳಲ್ಲಿ ಯಾವುದಕ್ಕೆ ಸೇರಿದೆ ಅಂತ ನೋಡಿ ವಿಳಾಸ ಬರೆಯಿರಿ.

## ಹಂತ 2: ಏಳು ರಾತ್ರಿ ದಾಖಲೆ ಮಾಡಿ

ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಬೆಳಕಿನ ದೂರು ವಿಚಿತ್ರವಾದದ್ದು. ಪರಿಶೀಲನೆಗೆ ಬರುವ ಅಧಿಕಾರಿ ಹಗಲು ಹನ್ನೊಂದಕ್ಕೆ ಬರುತ್ತಾರೆ. ಆಗ ಕಾಣುವುದು ಆರಿದ ದೀಪ, ಅಷ್ಟೇ. ರಾತ್ರಿಯನ್ನು ಅವರ ಮೇಜಿನ ಮೇಲೆ ತಂದಿಡುವ ಕೆಲಸ ನಿಮ್ಮದು.

ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು: ತಾರೀಖು, ದೀಪ ಹತ್ತಿದ ಹೊತ್ತು, ಆರಿದ ಹೊತ್ತು, ಹತ್ತಿದಾಗ ಎಷ್ಟು ಲಕ್ಸ್, ಆರಿದ ಮೇಲೆ ಎಷ್ಟು. ಅಳೆಯುವಾಗ ಕೋಣೆಯ ದೀಪ ಪೂರ್ತಿ ಆರಿಸಿ, ಕಿಟಕಿ ತೆಗೆದು, ಮೀಟರಿನ ಬಿಳಿ ಗುಂಡು ಹೊರಗೆ ಮುಖ ಮಾಡುವಂತೆ ನೆಟ್ಟಗೆ ಹಿಡಿಯಿರಿ. ಮೇಲಕ್ಕೆ ಮುಖ ಮಾಡಿ ಹಿಡಿದರೆ ಸಂಖ್ಯೆ ಕಮ್ಮಿ ಬರುತ್ತದೆ. ಹತ್ತಿದಾಗಿನ ಲೆಕ್ಕದಿಂದ ಆರಿದಾಗಿನದನ್ನು ಕಳೆಯಿರಿ. ಉಳಿದದ್ದು ಆ ದೀಪದ ಪಾಲು. ಇಲ್ಲದಿದ್ದರೆ ‘ಅದು ಬೀದಿ ದೀಪದ್ದು ಸಾರ್’ ಅನ್ನುವ ಉತ್ತರ ಗ್ಯಾರಂಟಿ.

ಅಂದಾಜಿಗೆ ಹೇಳುವುದಾದರೆ, ಹುಣ್ಣಿಮೆಯ ಬೆಳದಿಂಗಳು ಕಾಲು ಲಕ್ಸಿನಷ್ಟು. ಮಲಗುವ ಹೊತ್ತಿನಲ್ಲಿ ಕಿಟಕಿಯ ಮೇಲೆ ಬೀಳುವ ಹೊರಗಿನ ಬೆಳಕಿಗೆ ಅಂತರರಾಷ್ಟ್ರೀಯ ಬೆಳಕಿನ ಆಯೋಗ ಸೂಚಿಸುವ ಮಿತಿ ಹಳ್ಳಿಗಾಡಿನಲ್ಲಿ 1 ಲಕ್ಸ್, ಊರ ಹೊರವಲಯದ ಬಡಾವಣೆಗಳಲ್ಲಿ 2, ನಗರದ ನಡುವೆ 5. ಇದು ಇಲ್ಲಿ ಕಾನೂನಲ್ಲ. ಆದರೆ ‘ಜಾಸ್ತಿ’ ಅನ್ನುವ ಮಾತಿಗೆ ಒಂದು ಅಳತೆಗೋಲು ಸಿಗುತ್ತದೆ. ನಮ್ಮ ಕಿಟಕಿಯಲ್ಲಿ 31 ಬಂದಿತ್ತು.

ಫೋಟೋ ತೆಗೆಯುವಾಗ ನೈಟ್ ಮೋಡ್ ಆಫ್ ಮಾಡಿ. ಅದು ಕತ್ತಲನ್ನೂ ಬೆಳಗಿಸಿ ತೋರಿಸುತ್ತದೆ, ಎದುರು ವಕೀಲರಿಗೆ ಅಷ್ಟು ಸಾಕು. ಪ್ರೊ ಮೋಡಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಮತ್ತು ಶಟರ್ ವೇಗ ಸ್ಥಿರ ಮಾಡಿ, ದೀಪ ಹತ್ತಿದಾಗ ಒಂದು, ಆರಿದಾಗ ಒಂದು, ಅದೇ ಜಾಗದಿಂದ ಅದೇ ಲೆಕ್ಕದಲ್ಲಿ ತೆಗೆಯಿರಿ. ಆಮೇಲೆ ಇನ್ನೊಂದು: ಅವತ್ತಿನ ಪೇಪರನ್ನು ಹಾಸಿಗೆ ಮೇಲೆ ಹರಡಿ, ಕೋಣೆಯ ದೀಪ ಆರಿಸಿ, ಆ ಹೊರಗಿನ ಬೆಳಕಲ್ಲೇ ತೆಗೆಯಿರಿ. ನನ್ನ ಫೋಟೋದಲ್ಲಿ ತಾರೀಖಷ್ಟೇ ಅಲ್ಲ, ಒಳಪುಟದ ಅಡಿಕೆ ಧಾರಣೆಯನ್ನೂ ಓದಬಹುದಿತ್ತು. ಇಡೀ ಫೈಲಿನಲ್ಲಿ ಕೆಲಸ ಮಾಡಿದ್ದು ಅದೊಂದೇ ಫೋಟೋ.

ಫೋಟೋಗಳ ಮೂಲ ಪ್ರತಿ ಫೋನಿನಲ್ಲೇ ಇರಲಿ. ವಾಟ್ಸಾಪಿನಲ್ಲಿ ಕಳಿಸಿದರೆ ಗುಣಮಟ್ಟ ಕುಗ್ಗುತ್ತದೆ, ಒಳಗಿನ ಸಮಯದ ಮಾಹಿತಿಯೂ ಹೋಗುತ್ತದೆ. ಮುಂದೆ ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರದ (ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವಂಥದ್ದು) ಜೊತೆ ಇವನ್ನು ಕೊಡಬೇಕಾಗುತ್ತದೆ.

ಎಚ್ಚರಿಕೆ: ಫೋಟೋದಲ್ಲಿ ಪಕ್ಕದವರ ಕಿಟಕಿ ಒಳಗಿನ ದೃಶ್ಯ, ಮನೆಮಂದಿ ಬರಬಾರದು. ನಿಮ್ಮ ದೂರು ಅಲ್ಲಿಗೆ ಸತ್ತಂತೆ, ಅವರ ದೂರು ಶುರುವಾದಂತೆ.

## ಹಂತ 3: ಏನು ಕೇಳಬೇಕು ಅಂತ ತೀರ್ಮಾನಿಸಿ

‘ದೀಪ ತೆಗೆಸಿ’ ಅಂದರೆ ಎದುರಿನವರು ಕಳ್ಳರ ಭಯದ ಮಾತು ಎತ್ತುತ್ತಾರೆ. ಕೇಳುವ ಅಧಿಕಾರಿಯೂ ಅವರ ಪರ ವಾಲುತ್ತಾರೆ. ಕಳ್ಳತನದ ಮುಂದೆ ನಿಮ್ಮ ನಿದ್ದೆ ಸಣ್ಣದಾಗಿ ಕಾಣುತ್ತದೆ, ಅಲ್ವಾ? ಅದಕ್ಕೇ ಖರ್ಚಿಲ್ಲದ ಪರಿಹಾರದಿಂದ ಶುರು ಮಾಡಿ, ಇದೇ ಕ್ರಮದಲ್ಲಿ.

ಮೊದಲನೆಯದು ಓರೆ. ಫ್ಲಡ್‌ಲೈಟಿನ ಗಾಜು ನೆಲಕ್ಕೆ ಮುಖ ಮಾಡಿರಬೇಕು. ಪರೀಕ್ಷೆ ಸುಲಭ: ನಿಮ್ಮ ಕಿಟಕಿಯಲ್ಲಿ ನಿಂತಾಗ ದೀಪದೊಳಗಿನ ಹಳದಿ ಚಿಪ್ಪುಗಳೇ ಕಣ್ಣಿಗೆ ಹೊಡೆದರೆ ಓರೆ ತಪ್ಪು. ಬೆಳಗಿದ ನೆಲ ಮಾತ್ರ ಕಂಡರೆ ಸರಿ. ಎರಡು ಬೋಲ್ಟು ಸಡಿಲಿಸಿ ಬಿಗಿ ಮಾಡುವ ಕೆಲಸ, ಹತ್ತು ನಿಮಿಷ.

ಎರಡನೆಯದು ಮರೆ. ನಿಮ್ಮ ಕಡೆಗಿರುವ ಅಂಚಿಗೆ ಒಂದು ತಗಡಿನ ಪಟ್ಟಿ, ಒಳಮೈಗೆ ಕಪ್ಪು ಬಣ್ಣ. ದೀಪದ ಹಿಂಬದಿಯ ಅಲ್ಯೂಮಿನಿಯಂ ಹಲ್ಲುಗಳನ್ನು ಮಾತ್ರ ಮುಚ್ಚಬಾರದು. ಬಿಸಿ ಹೋಗುವ ದಾರಿ ಅದು, ಮುಚ್ಚಿದರೆ ದೀಪ ಬೇಗ ಸುಡುತ್ತದೆ.

ಮೂರನೆಯದು ಹೊತ್ತು. ಮನೆಗಾದರೆ ಆಳು ಓಡಾಡಿದಾಗ ಮಾತ್ರ ಹತ್ತುವ ಸೆನ್ಸರ್, ಅಂಗಡಿಗಾದರೆ ಟೈಮರ್. ಕೊನೆಯದಾಗಿ ಬಲ್ಬು. 6500 ಕೆಲ್ವಿನ್ನಿನ ನೀಲಿ ಬಿಳುಪಿನ ಬದಲು 3000 ಕೆಲ್ವಿನ್ನಿನ ಹಳದಿ ಛಾಯೆಯದು, ವ್ಯಾಟೂ ಕಮ್ಮಿಯದು. ನಿದ್ದೆ ಬರಿಸುವ ಮೆಲಟೋನಿನ್ ಹಾರ್ಮೋನನ್ನು ಜಾಸ್ತಿ ತಡೆಯುವುದು ನೀಲಿ ಅಂಶವೇ. ಇದಕ್ಕೆ ದುಡ್ಡು ಬೀಳುತ್ತದೆ, ಹಾಗಾಗಿ ಕೊನೆಗೆ ಕೇಳಿ.

## ಹಂತ 4: ರಾತ್ರಿ ಹೊತ್ತು ಕರೆದು ತೋರಿಸಿ

ಹಗಲು ಹೋಗಿ ಮಾತಾಡಬೇಡಿ, ಗೇಟಿನ ಮುಂದೆ ನಿಂತು ಅಂತೂ ಬೇಡವೇ ಬೇಡ. ರಾತ್ರಿ ಒಂಬತ್ತೂವರೆಗೆ ಹೋಗಿ, ‘ಅಣ್ಣಾ, ಎರಡು ನಿಮಿಷ ನಮ್ಮ ರೂಮಿಗೆ ಬಂದು ಹೋಗಿ, ಒಂದು ವಿಷಯ ತೋರಿಸ್ಬೇಕಿತ್ತು’ ಅನ್ನಿ. ಬಂದಾಗ ಕೋಣೆಯ ದೀಪ ಆರಿಸಿ, ಸುಮ್ನೆ ನಿಲ್ಲಿ. ತಮ್ಮ ದೀಪ ಇಲ್ಲಿಗೆ ಇಷ್ಟು ಬರುತ್ತದೆ ಅಂತ ತುಂಬಾ ಜನಕ್ಕೆ ನಿಜವಾಗಿಯೂ ಗೊತ್ತಿರುವುದಿಲ್ಲ.

ಕಳ್ಳರ ಮಾತು ಬಂದರೆ ಅವರನ್ನು ಅವರ ಗೇಟಿನ ಹೊರಗೆ, ದೀಪಕ್ಕೆ ಎದುರಾಗಿ ನಿಲ್ಲಿಸಿ. ‘ಈಗ ಕಾರಿನ ಪಕ್ಕ ಯಾರಾದರೂ ಇದ್ದಾರಾ ನೋಡಿ’ ಅನ್ನಿ. ಆಮೇಲೆ ಅಂಗೈಯನ್ನು ದೀಪಕ್ಕೆ ಅಡ್ಡ ಹಿಡಿದು ನೋಡಲು ಹೇಳಿ. ಕಣ್ಣಿಗೆ ಹೊಡೆಯುವ ಬೆಳಕು ಮರೆಯಾದ ಕೂಡಲೇ ಕಾರಿನ ಹಿಂದಿನ ಮೂಲೆಯೂ ಕಾಣುತ್ತದೆ. ಅಂಗೈ ಮಾಡಿದ ಕೆಲಸವನ್ನೇ ತಗಡು ಮಾಡುತ್ತದೆ. ಇಷ್ಟಕ್ಕೇ ಕೆಲಸ ಮುಗಿದರೆ ಎಲೆಕ್ಟ್ರಿಷಿಯನ್ ದುಡ್ಡು ನೀವೇ ಕೊಡಿ, ಅಗ್ಗವಾಯಿತು.

ಎಚ್ಚರಿಕೆಯ ಲಕ್ಷಣ: ‘ಮಾಡೋಣ ಮಾಡೋಣ’ ಅಂದು ಮೂರನೇ ವಾರವೂ ಆಗದಿದ್ದರೆ, ಅಥವಾ ಮಾತಾಡಿದ ಮರುದಿನ ಇನ್ನೊಂದು ದೀಪ ಏರಿದರೆ, ಬಾಯಿಮಾತು ನಿಲ್ಲಿಸಿ ಕಾಗದಕ್ಕೆ ಬನ್ನಿ.

## ಹಂತ 5: ಲಿಖಿತ ದೂರು

ಹಳ್ಳಿಯಲ್ಲಿ ಪಿಡಿಒ, ಪುರಸಭೆಯಲ್ಲಿ ಮುಖ್ಯಾಧಿಕಾರಿ, ನಗರಸಭೆ ಮತ್ತು ಪಾಲಿಕೆಯಲ್ಲಿ ಆಯುಕ್ತರ ಹೆಸರಿಗೆ ಬರೆಯಿರಿ. ಬೀದಿ ದೀಪದ ದೂರಾದರೆ ವಿದ್ಯುತ್ ವಿಭಾಗದ ಎಂಜಿನಿಯರಿಗೆ ಒಂದು ಪ್ರತಿ. ಉದ್ದಿಮೆಯಾದರೆ ಪರವಾನಗಿ ಕೊಡುವ ಆರೋಗ್ಯ ಶಾಖೆಗೆ ಒಂದು ಪ್ರತಿ. ನಿಮ್ಮ ನಿಜವಾದ ಹಿಡಿತ ಇರುವುದು ಈ ಆರೋಗ್ಯ ಶಾಖೆಯಲ್ಲಿ. ಪರವಾನಗಿ ನವೀಕರಣಕ್ಕೆ ಬಂದಾಗ ಫೈಲಿನಲ್ಲಿ ದೂರು ಕೂತಿದ್ದರೆ ಮಾಲೀಕರೇ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ತಲೆಬರಹದಲ್ಲಿ ‘ಬೆಳಕಿನ ಮಾಲಿನ್ಯ’ ಬರೆಯಬೇಡಿ, ‘ಉಪದ್ರವ’ ಬರೆಯಿರಿ. ಒಂದು ಮಾದರಿ:

*ವಿಷಯ: ರಾತ್ರಿ ಹೊತ್ತು ಫ್ಲಡ್‌ಲೈಟುಗಳಿಂದ ಅಕ್ಕಪಕ್ಕದ ಮನೆಗಳಿಗೆ ಉಪದ್ರವ ಆಗುತ್ತಿರುವ ಬಗ್ಗೆ.*

*ಮಾನ್ಯರೇ, ನಮ್ಮ ಮನೆಯ ಪೂರ್ವಕ್ಕಿರುವ ಆಟದ ಅಂಗಳದಲ್ಲಿ ಆರು ಫ್ಲಡ್‌ಲೈಟುಗಳನ್ನು ನೆಟ್ಟಗೆ ಮನೆಗಳ ಕಡೆಗೆ ತಿರುಗಿಸಿ ಕಟ್ಟಿದ್ದಾರೆ. ಇವು ಪ್ರತಿದಿನ ಸಂಜೆ 6ರಿಂದ ರಾತ್ರಿ 1ರವರೆಗೆ ಉರಿಯುತ್ತವೆ. ನಮ್ಮ ಮಲಗುವ ಕೋಣೆಯ ಕಿಟಕಿಯಲ್ಲಿ ಏಳು ದಿನ ಅಳೆದ ವಿವರ ಮತ್ತು ಫೋಟೋಗಳನ್ನು ಲಗತ್ತಿಸಿದೆ. ದೀಪ ತೆಗೆಸಬೇಕೆಂಬುದು ನಮ್ಮ ಬೇಡಿಕೆಯಲ್ಲ. ಅವುಗಳನ್ನು ನೆಲದ ಕಡೆಗೆ ಓರೆ ಮಾಡಿಸಿ, ಮನೆಗಳ ಕಡೆ ಮರೆ ಹಾಕಿಸಿ, ರಾತ್ರಿ 10ರ ನಂತರ ಆರಿಸಲು ಸೂಚಿಸಬೇಕಾಗಿ ಕೋರುತ್ತೇವೆ. ಸ್ಥಳ ಪರಿಶೀಲನೆಯನ್ನು ರಾತ್ರಿ 8ರ ನಂತರ ನಡೆಸಬೇಕಾಗಿ ವಿನಂತಿ.*

ಕೊನೆಯ ಸಾಲನ್ನು ಮರೆಯಬೇಡಿ. ‘ಕೋರುತ್ತೇನೆ’ ಬದಲು ‘ಕೋರುತ್ತೇವೆ’ ಇರಲಿ, ಕೆಳಗೆ ಮೂರು ನಾಲ್ಕು ಮನೆಯವರ ಸಹಿ ಇರಲಿ. ಇದರ ಬೆಲೆ ಹಂತ 7ರಲ್ಲಿ ಗೊತ್ತಾಗುತ್ತದೆ. ಕಚೇರಿಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ‘ಆಮೇಲೆ ಬನ್ನಿ’ ಅಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಎಲ್‌ಇಡಿ ಜಾಹೀರಾತು ಫಲಕವಾದರೆ ಮೊದಲ ಪ್ರಶ್ನೆ ಬೇರೆ: ಅದಕ್ಕೆ ಅನುಮತಿ ಇದೆಯಾ? ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಕರ್ನಾಟಕದಲ್ಲಿ 1981ರಿಂದಲೂ ಇದೆ. ಅನುಮತಿ ಇಲ್ಲದಿದ್ದರೆ ಬೆಳಕಿನ ವಾದವೇ ಬೇಕಾಗಿಲ್ಲ.

## ಹಂತ 6: ಬೆನ್ನು ಹತ್ತಿ

ಮೂವತ್ತು ದಿನ ಕಾಯಿರಿ. ಏನೂ ಆಗದಿದ್ದರೆ ರಾಜ್ಯ ಸರ್ಕಾರದ ಜನಸ್ಪಂದನದಲ್ಲಿ, ಅಂದರೆ 1902ರಲ್ಲಿ, ದೂರು ದಾಖಲಿಸಿ ನಂಬರ್ ಪಡೆಯಿರಿ. ಜೊತೆಗೆ ಮಾಹಿತಿ ಹಕ್ಕಿನ ಅರ್ಜಿ, ಹತ್ತು ರೂಪಾಯಿ ಶುಲ್ಕ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಮುಗಿಸಬೇಕು.

‘ಯಾಕೆ ಕ್ರಮ ಕೈಗೊಂಡಿಲ್ಲ?’ ಅಂತ ಕೇಳಬೇಡಿ. ಮಾಹಿತಿ ಹಕ್ಕಿನಲ್ಲಿ ದಾಖಲೆ ಕೇಳಬಹುದು, ವಿವರಣೆ ಕೇಳಲಾಗುವುದಿಲ್ಲ. ಪರವಾನಗಿಯ ಪ್ರತಿ, ಅದರ ಷರತ್ತುಗಳು, ನಿಮ್ಮ ದೂರಿನ ಫೈಲಿನ ಟಿಪ್ಪಣಿ ಹಾಳೆ, ಸ್ಥಳ ಪರಿಶೀಲನೆಯ ವರದಿ, ಇಷ್ಟು ಕೇಳಿ. ಹೈಮಾಸ್ಟ್ ಆದರೆ ಕಾಮಗಾರಿಯ ಅಂದಾಜು ಪಟ್ಟಿ ಕೇಳಿ, ಎಷ್ಟು ವ್ಯಾಟಿನ ಎಷ್ಟು ದೀಪ ಅಂತ ಅದರಲ್ಲಿ ಇರುತ್ತದೆ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ. ನಮ್ಮ ವಿಷಯದಲ್ಲಿ ಇಲ್ಲೇ ಗಂಟು ಸಡಿಲವಾಯಿತು. ಪರವಾನಗಿಯಲ್ಲಿ ಆಟಕ್ಕೆ ರಾತ್ರಿ ಹತ್ತರವರೆಗೆ ಮಾತ್ರ ಅವಕಾಶ ಇತ್ತು.

## ಹಂತ 7: ಕಾರ್ಯಪಾಲಕ ಮ್ಯಾಜಿಸ್ಟ್ರೇಟ್

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 152 (ಹಳೆಯ ಸಿಆರ್‌ಪಿಸಿಯ 133) ಉಪದ್ರವ ನಿಲ್ಲಿಸಲು ಷರತ್ತಿನ ಆದೇಶ ಹೊರಡಿಸುವ ಅಧಿಕಾರ ಕೊಡುತ್ತದೆ. ಒಂದು ವ್ಯಾಪಾರ ಅಥವಾ ಕಸುಬು ಸುತ್ತಲಿನ ಸಮುದಾಯದ ಆರೋಗ್ಯಕ್ಕೆ, ದೈಹಿಕ ನೆಮ್ಮದಿಗೆ ಹಾನಿಕರವಾದರೆ ಇದು ಅನ್ವಯಿಸುತ್ತದೆ. ‘ಸಮುದಾಯ’ ಅನ್ನುವ ಪದ ಗಮನಿಸಿ. ಒಂದೇ ಮನೆಯ ತೊಂದರೆಗೆ ಇದು ನಡೆಯುವುದಿಲ್ಲ, ಮೇಲೆ ಹೇಳಿದ ಸಹಿಗಳು ಬೇಕಾಗುವುದು ಇಲ್ಲಿ. ಅರ್ಜಿ ಉಪವಿಭಾಗಾಧಿಕಾರಿಗೆ, ಅಂದರೆ ಎಸಿ ಕಚೇರಿಗೆ. ಪೊಲೀಸ್ ಕಮಿಷನರೇಟ್ ಇರುವ ಊರಿನಲ್ಲಿ ಯಾರಿಗೆ ಕೊಡಬೇಕು ಅಂತ ಅಲ್ಲೇ ವಿಚಾರಿಸಿ.

ಪೊಲೀಸ್ ಠಾಣೆಗೆ ಹೋಗುವುದಾದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾರ್ವಜನಿಕ ಉಪದ್ರವದ ವ್ಯಾಖ್ಯೆ ಸೆಕ್ಷನ್ 270ರಲ್ಲಿದೆ, ಶಿಕ್ಷೆ 292ರಲ್ಲಿ. ಶಿಕ್ಷೆ ಅಂದರೆ ಹೆಚ್ಚೆಂದರೆ ಸಾವಿರ ರೂಪಾಯಿ ದಂಡ. ಟರ್ಫಿನವರಿಗೆ ಅದು ಒಂದು ಗಂಟೆಯ ಬುಕಿಂಗ್. ಇದೊಂದನ್ನೇ ನಂಬಿ ಕೂರಬೇಡಿ.

## ಹಂತ 8: ಸಿವಿಲ್ ಕೋರ್ಟು

ಒಂದೇ ಮನೆಗೆ ತೊಂದರೆಯಾದರೆ ದಾರಿ ಇದೇ: ಖಾಸಗಿ ಉಪದ್ರವಕ್ಕೆ ನಿರ್ಬಂಧಕಾಜ್ಞೆ ಕೋರಿ ದಾವೆ. ಮೊದಲು ವಕೀಲರ ನೋಟಿಸ್ ಕಳಿಸಿ, ಎಷ್ಟೋ ಪ್ರಕರಣ ಅಲ್ಲಿಗೇ ನಿಲ್ಲುತ್ತದೆ. ಸರ್ಕಾರದ ವಿರುದ್ಧವಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 80ರಂತೆ ಎರಡು ತಿಂಗಳ ನೋಟಿಸ್ ಕೊಡಬೇಕು. ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ಉಚಿತ ಕಾನೂನು ನೆರವು ಸಿಗುತ್ತದೆ, 15100ಕ್ಕೆ ಕರೆ ಮಾಡಿ.

ವಕೀಲರಿಗೆ ಒಂದು ಮಾತು ನೆನಪಿಸಿ. ಸ್ಥಳ ನೋಡಲು ಕೋರ್ಟ್ ಕಮಿಷನರನ್ನು ಕಳಿಸುವಂತೆ ಅರ್ಜಿ ಹಾಕುವಾಗ ‘ಸೂರ್ಯಾಸ್ತದ ನಂತರ’ ಅಂತ ಬರೆಸಿ. ಇಲ್ಲದಿದ್ದರೆ ಅವರೂ ಹಗಲು ಹನ್ನೊಂದಕ್ಕೇ ಬರುತ್ತಾರೆ.

## ಹೊಲದವರಿಗೆ, ಕಡಲ ದಂಡೆಯವರಿಗೆ

ಬೀದಿ ದೀಪದ ಪಕ್ಕದ ಸಾಲಿನಲ್ಲಿ ಸೋಯಾ, ಭತ್ತ ತಡವಾಗಿ ಹೂಬಿಟ್ಟರೆ ಅದು ನಿಮ್ಮ ಭ್ರಮೆಯಲ್ಲ. ಇವು ಹೂಬಿಡಲು ಉದ್ದನೆಯ ಕತ್ತಲು ಬೇಕು. ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಬೆಳೆಯುವವರು ರಾತ್ರಿ ತೋಟದಲ್ಲಿ ಬಲ್ಬು ಹಚ್ಚಿ ಹೂವನ್ನು ಬೇಕೆಂದೇ ತಡ ಮಾಡುವುದೂ ಇದೇ ಲೆಕ್ಕದಲ್ಲಿ. ದೀಪದ ಬುಡದಿಂದ ದೂರಕ್ಕೆ ಸಾಲು ಸಾಲಾಗಿ ಹೂಬಿಟ್ಟ ತಾರೀಖು ಬರೆದು, ಹೊಲದ ಕಡೆ ಮರೆ ಹಾಕಿಸಿ ಅಂತ ಪಿಡಿಒಗೆ ಅರ್ಜಿ ಕೊಡಿ.

ಹೊನ್ನಾವರದ ಕಡೆಯ ದಂಡೆಗಳಲ್ಲಿ ಕಡಲಾಮೆ ಮೊಟ್ಟೆ ಇಡುತ್ತವೆ. ಮರಿಗಳು ಹೊರಬಂದ ಮೇಲೆ ಬೆಳಕು ಕಂಡ ಕಡೆ ಹೋಗುತ್ತವೆ, ರೆಸಾರ್ಟಿನ ದೀಪ ಜೋರಾಗಿದ್ದರೆ ಸಮುದ್ರಕ್ಕೆ ಬೆನ್ನು ಹಾಕುತ್ತವೆ. ಇಲ್ಲಿ ದೂರು ನೇರ ಅರಣ್ಯ ಇಲಾಖೆಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಲ ಇರುವುದರಿಂದ ಮನೆ ಕಿಟಕಿಯ ದೂರಿಗಿಂತ ಇದು ಬೇಗ ಓಡುತ್ತದೆ.

## ಇವನ್ನು ಮಾತ್ರ ಮಾಡಬೇಡಿ

ಕಲ್ಲು ಹೊಡೆದು ದೀಪ ಒಡೆದರೆ ಕೇಸು ನಿಮ್ಮ ಮೇಲೆ. ಸೇಡಿಗೆ ನಿಮ್ಮ ಮಹಡಿ ಮೇಲೊಂದು ದೀಪ ಹಾಕಿದರೆ ಇಬ್ಬರೂ ಒಂದೇ ಅಂತ ಅಧಿಕಾರಿ ಎದ್ದು ಹೋಗುತ್ತಾರೆ. ಬಡಾವಣೆಯ ಗ್ರೂಪಿನಲ್ಲಿ ಫೋಟೋ ಹಾಕಿ ಹೆಸರು ಬರೆಯುವುದೂ ಬೇಡ. ಬೀದಿ ದೀಪದ ಕಂಬವನ್ನು ನೀವಾಗಲಿ, ದುಡ್ಡು ಕೊಟ್ಟು ಕರೆಸಿದ ಹುಡುಗನಾಗಲಿ ಹತ್ತಲೇಬಾರದು. ಅದೇ ಕಂಬದಲ್ಲಿ ಮನೆಗಳ ಲೈನೂ ಹೋಗಿರುತ್ತದೆ, ದೀಪ ಆರಿದೆ ಅಂದರೆ ಕರೆಂಟಿಲ್ಲ ಅಂತಲ್ಲ.

## ಸರಿಯಾದ ಮೇಲೆ

ದೀಪ ತಿರುಗಿಸಿದ ರಾತ್ರಿಯೇ ಮತ್ತೆ ಅಳೆದು ಬರೆದಿಡಿ. ನಮ್ಮಲ್ಲಿ 31 ಇದ್ದದ್ದು 3ಕ್ಕೆ ಇಳಿಯಿತು. ಆಟವೂ ಹತ್ತಕ್ಕೆ ನಿಲ್ಲುತ್ತದೆ.

ಎಲೆಕ್ಟ್ರಿಷಿಯನ್ ಏಣಿಯಿಂದ ಇಳಿಯುವ ಮುಂಚೆ ಬೋಲ್ಟಿನ ಪಕ್ಕ, ಬ್ರಾಕೆಟ್ಟಿಗೂ ದೀಪಕ್ಕೂ ಸೇರಿಸಿ ಒಂದು ಗೆರೆ ಕೆಂಪು ಬಣ್ಣ ಎಳೆಸಿ. ಮಳೆಗಾಲದ ಗಾಳಿಗೆ ದೀಪ ಜರುಗುತ್ತದೆ, ಬಲ್ಬು ಬದಲಿಸಲು ಬಂದವರು ಮತ್ತೆ ಮೇಲಕ್ಕೆ ತಿರುಗಿಸಿ ಹೋಗುತ್ತಾರೆ. ನಮ್ಮಲ್ಲಿ ಎರಡು ಸಲ ಹಾಗಾಯಿತು. ಎರಡು ಸಲವೂ ಟರ್ಫಿನ ಹುಡುಗನಿಗೆ ಫೋನು ಮಾಡಿ ‘ಗೆರೆ ತಪ್ಪಿದೆ ನೋಡಪ್ಪಾ’ ಅಂದೆ. ಅವನೇ ಏಣಿ ಹಾಕಿ ಸರಿ ಮಾಡಿದ.